ಅರ್ಥ್

ಹದಿನಾಲ್ಕು ಪಾಯಿಂಟ್ ಏಳು.
ಒಂದು ಪಾಲು ಪೆಟ್ರೋಲಿಗೆ ಅಷ್ಟು ಪಾಲು ಗಾಳಿ,
ಗಾಡಿ ನಿಂತು ಉಸಿರಾಡುವಾಗ ಲೆಕ್ಕ ಅಲ್ಲಿ ನಿಲ್ಲಬೇಕು.
ನಿಲ್ಲುತ್ತಿಲ್ಲ.
ಹದಿನೈದು, ಹದಿಮೂರೂವರೆ, ಹದಿನಾರು,
ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಹನ್ನೊಂದಕ್ಕೆ ಆಟೋದವನು
ಬಾಯಿಗೆ ಬಂದ ರೇಟು ಹೇಳಿದ ಹಾಗೆ.

ಡಾಕ್ಟರ್ ದೇಚಮ್ಮ ಗಾಡಿ ತಂದಾಗ
ಲಾಲ್‌ಬಾಗ್ ರೋಡಿನ ನಮ್ಮ ಶೆಡ್ಡಿನಲ್ಲಿ ಎರಡನೇ ಟೀ.
ಕಡುನೀಲಿ ಆಕ್ಟೇವಿಯಾ, ಇಪ್ಪತ್ತು ವರ್ಷದ್ದು.
ದೊಡ್ಡ ಟರ್ಬೊ ಕೂರಿಸಿದ್ದು ನಾನೇ,
ಸ್ಟೇರಿಂಗ್ ಪಕ್ಕ, ಅವರ ಕಣ್ಣಿನ ಎತ್ತರಕ್ಕೆ
ಈ ಗೇಜು ಕೂರಿಸಿದ್ದೂ ನಾನೇ.
‘ಹೆಬ್ಬಾಳ ಫ್ಲೈಓವರ್ ಹತ್ತುವಾಗ
ಹನ್ನೆರಡು ಇರಬೇಕಾದದ್ದು ಹದಿಮೂರೂವರೆ ತೋರಿಸಿತು,
ಕಾಲು ತೆಗೆದುಬಿಟ್ಟೆ’ ಅಂದರು.

ಒಳ್ಳೆಯದು ಮಾಡಿದಿರಿ ಮೇಡಂ.
ಟರ್ಬೊ ಊದುವಾಗ ಪೆಟ್ರೋಲು ಸಾಲದೆ ಬಂದರೆ
ಏನಾಗುತ್ತದೆಂದು ನೋಡಿದವನು ನಾನು:
ಕಮ್ಮನಹಳ್ಳಿಯ ಹುಡುಗನೊಬ್ಬನ ಇಂಜಿನ್ ಬಿಚ್ಚಿದರೆ
ಮೂರನೇ ಪಿಸ್ಟನ್ನು
ಇರುವೆ ತಿಂದ ಬೆಲ್ಲದಚ್ಚು.

ಸೆನ್ಸರ್ ಹೋಗಿದೆ ಅಂದೆ.
ತಡವರಿಸದೆ ಅಂದೆ, ಅದೇ ತಪ್ಪು.
ಜೆ.ಸಿ. ರೋಡಿನಿಂದ ಹೊಸದು ತರಿಸಿದೆ, ಹದಿನೇಳು ಸಾವಿರ.
ಎರಡು ದಿನ ಸುಮ್ಮನಿತ್ತು.
ಮೂರನೇ ದಿನ ಫೋನು.

ಆಮೇಲೆ ಊದುಬತ್ತಿ.
ನಗಬೇಡಿ, ಅಂಗಡಿಯ ಗಣಪತಿಗೆ ಹಚ್ಚಿದ್ದನ್ನೇ ಎತ್ತಿಕೊಂಡು
ತಣ್ಣಗಿನ ಇಂಜಿನ್ ಆಗತಾನೆ ಎಬ್ಬಿಸಿ
ಸೈಲೆನ್ಸರ್ ಪೈಪಿನ ಜೋಡಣೆಗಳ ಮೇಲೆ ಆಡಿಸಿದೆ.
ಎಲ್ಲ ಕಡೆ ಹೊಗೆ ತನ್ನ ಪಾಡಿಗೆ ಮೇಲೆ,
ಸೆನ್ಸರಿಗೆ ಮುಂಚಿನ ಒಂದು ಕಡೆ ಮಾತ್ರ
ನಡುಗಿ, ಬಾಗಿ, ಒಳಗೆ.
ಗ್ಯಾಸ್ಕೆಟ್ ಸೀಳಿತ್ತು; ಹೊರಗಿನ ಗಾಳಿ ಕದ್ದು ನುಗ್ಗಿ
ಸೆನ್ಸರಿಗೆ ಸುಳ್ಳು ಹೇಳುತ್ತಿತ್ತು.
ಹೊಸ ಗ್ಯಾಸ್ಕೆಟ್, ನಾಲ್ಕು ನಟ್ಟು, ಗೆದ್ದೆ.

ಗೆದ್ದದ್ದು ಹಗಲಿನಲ್ಲಿ.

ರಾತ್ರಿ ಎಂಟೂವರೆಗೆ ಆಸ್ಪತ್ರೆಯಿಂದ ನೇರ ಬಂದರು,
ಹಸಿರು ಬಟ್ಟೆ, ಕಾಲಲ್ಲಿ ಇನ್ನೂ ಅಲ್ಲಿನ ಚಪ್ಪಲಿ.
ಅರಿವಳಿಕೆಯ ಡಾಕ್ಟರು; ದಿನವಿಡೀ
ಬೇರೆಯವರ ಆಮ್ಲಜನಕದ ಅಂಕಿ ಕಾಯುವವರು.
‘ಮಾನಿಟರ್ ಕಿರುಚಿದರೆ ನಾವು
ಮೊದಲು ರೋಗಿಯ ತುಟಿ ನೋಡುತ್ತೇವೆ.
ತುಟಿ ಕೆಂಪಗಿದ್ದರೆ ಬೆರಳ ಕ್ಲಿಪ್ಪು.
ಒಮ್ಮೆ ಬರೀ ಉಗುರಿನ ಬಣ್ಣ, ನಂಬುತ್ತೀರಾ?’

ಬಾನೆಟ್ ಎತ್ತಿ ಪ್ಲಗ್ಗು ಬಿಚ್ಚಿದೆ.
ನಾಲ್ಕೂ ತಿಳಿಗಂದು, ಬಿಸ್ಕತ್ತಿನ ಬಣ್ಣ.
ರೋಗಿ ಚೆನ್ನಾಗಿದ್ದಾನೆ.
‘ಹಗಲು ಬರಲ್ಲ ಅಂದಿರಲ್ಲ ಮೇಡಂ,
ಹೆಡ್‌ಲೈಟ್ ಹಾಕಿ.’
ಹದಿನಾಲ್ಕು ಏಳು ಇದ್ದದ್ದು ಹದಿನಾರಕ್ಕೆ ಜಿಗಿಯಿತು.
‘ತೆಗೆಯಿರಿ.’ ಇಳಿಯಿತು.
‘ಹಾಕಿ.’
ಇಬ್ಬರೂ ಮಕ್ಕಳ ಹಾಗೆ ಆರು ಸಲ ಆಡಿದೆವು.

ನಮ್ಮ ಮೇಸ್ತ್ರಿ ಪ್ಯಾರೇಜಾನ್ ಹೇಳುತ್ತಿದ್ದ,
ಕರೆಂಟು ಹೋಗುವುದನ್ನು ಊರೆಲ್ಲ ನೋಡುತ್ತದೆ,
ವಾಪಸ್ ಬರುವ ದಾರಿ ಯಾರು ನೋಡುತ್ತಾರೆ?
ಅರ್ಥ್ ನೋಡು ಬೇಟಾ, ಅರ್ಥ್ ನೋಡು.
ಹದಿಮೂರರ ಹುಡುಗ, ಸ್ಪ್ಯಾನರ್ ತೊಳೆಯುವವ,
ನನಗದು ‘ಅರ್ಥ’ ಅಂತಲೇ ಕೇಳಿಸುತ್ತಿತ್ತು.
ಏನರ್ಥ ಅಂತ ಕೇಳಿ ಒದೆ ತಿಂದೆ.

ಮಲ್ಟಿಮೀಟರಿನ ಒಂದು ಮುಳ್ಳು ಬ್ಯಾಟರಿಗೆ,
ಇನ್ನೊಂದು, ಗೇಜಿನ ಕಪ್ಪು ವೈರು ಕಚ್ಚಿದ ಬೋಲ್ಟಿಗೆ.
ಲೈಟು ಆರಿದಾಗ ಸೊನ್ನೆ.
ಲೈಟು ಉರಿದಾಗ ಸೊನ್ನೆ ಪಾಯಿಂಟ್ ಎರಡು.
ಆ ಎರಡರಲ್ಲಿತ್ತು ನನ್ನ ಮೂರು ವಾರ.

ಬೋಲ್ಟು ತಿರುಗಿಸಿದೆ. ವಾಷರಿನ ಕೆಳಗೆ
ನೀಲಿ ಬಣ್ಣ, ಹೊಳೆಯುತ್ತ, ಹೊಸದರ ಹಾಗೆ.
ಹೆಡ್‌ಲೈಟಿನ ಅರ್ಥಿಗೇ ಇದನ್ನೂ ಸೇರಿಸಿ ಬಿಗಿದವನು,
ಬಣ್ಣ ಕೆರೆಯದವನು,
ಆವತ್ತು ಸಂಜೆ ಮನೆಗೆ ಹೋಗುವ ಅವಸರದಲ್ಲಿದ್ದವನು—
ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮರಳುಕಾಗದದಿಂದ ಬರಿ ತಗಡು ಕಾಣುವ ತನಕ ಉಜ್ಜಿದೆ.
ಗೇಜಿಗೆ ಬೇರೆ ವೈರು ಎಳೆದು ಇಂಜಿನ್ನಿಗೇ ಕಟ್ಟಿದೆ.
ಲೈಟು ಹಾಕಿದರು. ಫ್ಯಾನು ಹಾಕಿದರು.
ಹಾರ್ನ್ ಕೂಡ ಹೊಡೆದರು, ಎದುರು ಮನೆಯ ನಾಯಿ ಬೊಗಳಿತು.
ಹದಿನಾಲ್ಕು ಏಳು. ಹದಿನಾಲ್ಕು ಆರು. ಏಳು.

‘ಎಷ್ಟಾಯಿತು?’
ಬೆರಳಲ್ಲಿ ಇನ್ನೂ ನೀಲಿ ಪುಡಿ.
ಕಪಾಟಿನ ಟೀ ಡಬ್ಬಿಯಲ್ಲಿ ಅವರ ಹಳೆಯ ಸೆನ್ಸರು,
ಬಟ್ಟೆ ಸುತ್ತಿ ಇಟ್ಟದ್ದು, ಏನೂ ಆಗದೆ ಇದ್ದದ್ದು.
ಅದನ್ನು ತೆಗೆದು ಬಾನೆಟ್ಟಿನ ಮೇಲಿಟ್ಟೆ.
‘ಮೇಡಂ, ಕೂತುಕೊಳ್ಳಿ’ ಅಂದೆ,
‘ಒಂದು ವಿಷಯ ಹೇಳಬೇಕು.’